ಅಮಲು ಎಂದು ಮನೆಗೆ ಕಳುಹಿಸುವ ಮೊದಲು

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನನ್ನ ಅಣ್ಣ ಬಹಳ ವರ್ಷ ಕುಡಿದವನು, ಅದನ್ನು ಮುಚ್ಚಿಡುವುದಿಲ್ಲ. ಒಂದು ಬೆಳಿಗ್ಗೆ ಅವನ ಮಾತು ತೊದಲಿತು, ಕಾಲು ತಡವರಿಸಿತು, ನನ್ನ ಗುರುತೇ ಹತ್ತಲಿಲ್ಲ. ತುರ್ತು ಚಿಕಿತ್ಸಾ ವಿಭಾಗದಲ್ಲಿ ‘ಅಮಲು, ಇಳಿಯುತ್ತದೆ’ ಎಂದು ಮನೆಗೆ ಕಳುಹಿಸಿದರು. ನಾಲ್ಕು ದಿನಗಳಿಂದ ಅವನು ಒಂದು ಹನಿಯನ್ನೂ ಮುಟ್ಟಿಲ್ಲವೆಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ವಾರಗಳ ನಂತರ ಬೇರೆಡೆ ಎಂಆರ್‌ಐ ಮಾಡಿಸಿದಾಗ ಕಾಯಿಲೆಯ ಹೆಸರು ತಿಳಿಯಿತು: ಮಾರ್ಕಿಯಾಫಾವ–ಬಿನ್ಯಾಮಿ.

ಇಟಲಿಯ ಇಬ್ಬರು ರೋಗಶಾಸ್ತ್ರಜ್ಞರು 1903ರಲ್ಲಿ ವಿವರಿಸಿದ ಅಪರೂಪದ ಕಾಯಿಲೆ ಇದು. ಮೆದುಳಿನ ಎಡಬಲ ಭಾಗಗಳನ್ನು ಬೆಸೆಯುವ ನರತಂತುಗಳ ದಪ್ಪ ಪಟ್ಟಿಗೆ ಕಾರ್ಪಸ್ ಕಲೋಸಮ್ ಎನ್ನುತ್ತಾರೆ. ದೀರ್ಘಕಾಲದ ಕುಡಿತಕ್ಕೆ ಅಪೌಷ್ಟಿಕತೆಯೂ ಸೇರಿಕೊಂಡಾಗ ಆ ತಂತುಗಳ ಮೈಲಿನ್ ಹೊದಿಕೆ ನಾಶವಾಗುತ್ತದೆ. ಅಣ್ಣನ ಎಡಗೈ ಇಂದಿಗೂ ಹೇಳಿದ ಮಾತಿನಂತೆ ನಡೆಯುವುದಿಲ್ಲ. ಕೈಯಲ್ಲಿ ಬಲವಿದೆ, ಅಪ್ಪಣೆ ತಲುಪುವ ದಾರಿಯೇ ಹಾಳಾಗಿದೆ.

ದಶಕಗಳ ಕಾಲ ಈ ಕಾಯಿಲೆ ಖಚಿತವಾಗುತ್ತಿದ್ದುದು ಶವಪರೀಕ್ಷೆಯಲ್ಲಿ. ಬರಿಯ ಲಕ್ಷಣಗಳನ್ನು ನೋಡಿದರೆ ಅಮಲು, ಕುಡಿತ ಬಿಟ್ಟಾಗಿನ ಸನ್ನಿ, ಬಿ1 ಜೀವಸತ್ವದ ಕೊರತೆಯಿಂದ ಮೆದುಳಿಗೆ ಬರುವ ವರ್ನಿಕೆ ಕಾಯಿಲೆ ಇವುಗಳಿಂದ ಇದನ್ನು ಬೇರ್ಪಡಿಸುವುದು ಕಷ್ಟ. ಎಂಆರ್‌ಐ ಬಂದ ಮೇಲೆ ರೋಗಿ ಬದುಕಿರುವಾಗಲೇ ಅದು ಕಣ್ಣಿಗೆ ಬೀಳುತ್ತದೆ. ಡಿಫ್ಯೂಷನ್ ಎಂಬ ಬಗೆಯ ಎಂಆರ್‌ಐ ಚಿತ್ರಗಳಲ್ಲಿ ಕಾರ್ಪಸ್ ಕಲೋಸಮ್ ಆರಂಭದಲ್ಲೇ ಬೆಳ್ಳಗೆ ಹೊಳೆಯಬಹುದು. ಪಕ್ಕದಿಂದ ತೆಗೆದ ಚಿತ್ರದಲ್ಲಿ ನಡುವಿನ ಪದರ ಕೆಟ್ಟು, ಮೇಲಿನ ಮತ್ತು ಕೆಳಗಿನ ಪದರಗಳು ಉಳಿದಿದ್ದರೆ ವೈದ್ಯರು ಅದನ್ನು ‘ಸ್ಯಾಂಡ್‌ವಿಚ್ ಚಿಹ್ನೆ’ ಎನ್ನುತ್ತಾರೆ. ಸಿ.ಟಿ. ಸ್ಕ್ಯಾನ್ ಇಷ್ಟು ಸೂಕ್ಷ್ಮವಲ್ಲ. ಅದರಲ್ಲಿ ಏನೂ ಕಾಣಲಿಲ್ಲವೆಂದು ಕೈತೊಳೆದುಕೊಳ್ಳುವಂತಿಲ್ಲ.

ಅಪರೂಪದ ಕಾಯಿಲೆಗಾಗಿ ಎಲ್ಲರಿಗೂ ಎಂಆರ್‌ಐ ಏಕೆ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಎಲ್ಲರಿಗೂ ಬೇಡ. ಕುಡಿತದ ಹಿನ್ನೆಲೆಯಿದ್ದು, ಅಮಲು ಇಳಿಯಬೇಕಾದ ಹೊತ್ತು ಕಳೆದರೂ ಗೊಂದಲ, ತೊದಲು, ಅಪಸ್ಮಾರ ಅಥವಾ ನಡಿಗೆಯ ತೊಂದರೆ ಉಳಿದವರಿಗೆ ಬೇಕು. ಚಿಕಿತ್ಸೆ ಮಾತ್ರ ಸ್ಕ್ಯಾನಿಗಾಗಿ ಕಾಯಬಾರದು. ಬಿ1 ಜೀವಸತ್ವವಾದ ಥಯಾಮಿನ್ ಅನ್ನು ರಕ್ತನಾಳದ ಮೂಲಕ ತಕ್ಷಣ ಕೊಡಬೇಕು. ಅದು ಅಪರೂಪದ ಔಷಧವಲ್ಲ. ಅದು ಬೇಗ ಸಿಕ್ಕವರು ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ನನ್ನ ಅಣ್ಣನಿಗೆ ಸಿಕ್ಕಿದ್ದು ಇಪ್ಪತ್ತೆರಡನೆಯ ದಿನ.

ತಕ್ಷಣ ಥಯಾಮಿನ್, ಲಕ್ಷಣ ಉಳಿದವರಿಗೆ ಎಂಆರ್‌ಐ: ಈ ಎರಡನ್ನೂ ತುರ್ತು ಚಿಕಿತ್ಸಾ ವಿಭಾಗಗಳಿಗೆ ಲಿಖಿತ ಆದೇಶವಾಗಿ ಕಳುಹಿಸಿ. ಎಂಆರ್‌ಐ ಇಲ್ಲದ ಆಸ್ಪತ್ರೆಯು ರೋಗಿಯನ್ನು ಅದು ಇರುವ ಆಸ್ಪತ್ರೆಗೆ ತಾನೇ ಕಳುಹಿಸಿಕೊಡಬೇಕು, ಮನೆಗಲ್ಲ ಎಂಬುದನ್ನೂ ಅದರಲ್ಲಿ ಸೇರಿಸಿ.

ಇಂತಿ,
ಒಬ್ಬ ರೋಗಿಯ ತಂಗಿ