ಮಗಳಿಗೊಂದು ಪತ್ರ: ಸುಖದ ಅಳತೆಗೋಲು

ಮೈಸೂರು

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಬದುಕಿನ ಬಗೆಗಿನ ತೃಪ್ತಿಯನ್ನು ಅಳೆಯಲು ಕಚೇರಿಯಲ್ಲಿ ಕೊಟ್ಟ, ಪ್ರತಿಯೊಂದನ್ನೂ ಎಷ್ಟು ಒಪ್ಪುತ್ತೀಯೆಂದು ಅಂಕ ಹಾಕಬೇಕಾದ ಐದು ಹೇಳಿಕೆಗಳ ಪಟ್ಟಿಯಲ್ಲಿ ನಿನಗೆ 19 ಅಂಕ ಬಂದಿತೆಂದೂ, ಹಾಗಾದರೆ ನೀನು ಸುಖಿಯಲ್ಲವೇನೋ ಎಂಬ ಅನುಮಾನ ಹತ್ತಿದೆಯೆಂದೂ ಬರೆದಿದ್ದೀಯೆ. ಅದು ಮನೋವಿಜ್ಞಾನಿ ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಪಟ್ಟಿ. ಅದರಲ್ಲಿ 5ರಿಂದ 35ರವರೆಗೆ ಅಂಕಗಳಿದ್ದು, 20 ನಟ್ಟನಡುವಿನದು. ನೀನು ಅದಕ್ಕಿಂತ ಒಂದಂಕ ಕೆಳಗಿದ್ದೀಯೆ, ಅಷ್ಟೆ. ಅಲ್ಲದೆ ಆ ಪಟ್ಟಿ ಅಳೆಯುವುದು ಮನುಷ್ಯ ತನ್ನ ಬದುಕಿನ ಬಗ್ಗೆ ತಾನೇ ಕೊಡುವ ತೀರ್ಪನ್ನು ಮಾತ್ರ. ಅನುಭವಕ್ಕೆ ಬರುವ ಸಂತೋಷವನ್ನೂ ದುಗುಡವನ್ನೂ ಡೀನರ್ ಬೇರೆಯಾಗಿಯೇ ಎಣಿಸುತ್ತಿದ್ದರು. ಬದುಕನ್ನು ಮತ್ತೆ ಬಾಳುವಂತಾದರೆ ಬಹುಮಟ್ಟಿಗೆ ಏನನ್ನೂ ಬದಲಿಸಲಾರೆ ಎಂಬ ಐದನೆಯ ಹೇಳಿಕೆಗೆ ನಿನ್ನ ಅಮ್ಮ ಖಂಡಿತ ಕಡಿಮೆ ಅಂಕ ಕೊಡುತ್ತಾಳೆ, ಏಕೆಂದರೆ ಓದು ಅರ್ಧಕ್ಕೆ ನಿಂತ ಕೊರಗು ಅವಳಿಗೆ ಇಂದಿಗೂ ಇದೆ. ಹಾಗೆಂದು ದೇವರಾಜ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ಗೆದ್ದು ಬರುವ ಅವಳನ್ನು ಅಸುಖಿ ಎನ್ನುವ ಧೈರ್ಯ ನನಗಿಲ್ಲ.

ಇನ್ನೊಬ್ಬ ಮನೋವಿಜ್ಞಾನಿ ಕ್ಯಾರಲ್ ರಿಫ್ 1989ರಲ್ಲಿ ಪ್ರಶ್ನೆಯನ್ನೇ ಬದಲಿಸಿದರು. ತನ್ನನ್ನು ತಾನು ಒಪ್ಪಿಕೊಳ್ಳುವುದು, ಆತ್ಮೀಯ ಸಂಬಂಧಗಳು, ಸ್ವಂತ ನಿರ್ಧಾರ, ಸುತ್ತಲಿನದನ್ನು ನಿಭಾಯಿಸುವ ಶಕ್ತಿ, ಬಾಳಿಗೊಂದು ಗುರಿ, ಬೆಳವಣಿಗೆ ಎಂಬ ಅವರ ಆರು ಬಾಬತ್ತುಗಳಲ್ಲಿ ಸಂತೋಷಕ್ಕೆ ಪ್ರತ್ಯೇಕ ಜಾಗವೇ ಇಲ್ಲ. ಇದರ ಬೇರು ಅರಿಸ್ಟಾಟಲನಲ್ಲಿದೆ. ಅವನಿಗೆ ಸುಖವೆಂದರೆ ಮನಸ್ಸಿನ ಒಂದು ಸ್ಥಿತಿಯಲ್ಲ, ಇಡೀ ಆಯುಸ್ಸಿನುದ್ದಕ್ಕೂ ಸದ್ಗುಣಕ್ಕೆ ತಕ್ಕಂತೆ ನಡೆಯುವ ಚಟುವಟಿಕೆ; ಆದಕಾರಣ ಮಗುವನ್ನು ಸುಖಿಯೆನ್ನಲಾಗದು ಎಂದೂ ಅವನು ವಾದಿಸಿದ. (ಚಿಕ್ಕಂದಿನಲ್ಲಿ ನೀನು ಮಳೆಯಲ್ಲಿ ಕುಣಿಯುತ್ತಿದ್ದುದನ್ನು ಅವನು ನೋಡಿರಲಿಲ್ಲ.) ಗೆಳೆಯರು, ಹಣ ಮೊದಲಾದ ಹೊರಗಿನ ಅನುಕೂಲಗಳೂ ಬೇಕೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡದ್ದರಿಂದ ನನಗೆ ಅವನ ಮೇಲೆ ನಂಬಿಕೆ ಹೆಚ್ಚು. ನೋವಿಲ್ಲದಿರುವುದೇ ಸುಖವೆಂದ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸ್ ಸಜ್ಜನನೇ, ಆದರೆ ನೋವುಂಡೇ ಬಾಳು ಕಟ್ಟುವ ಬಾಣಂತಿಗೂ ರೈತನಿಗೂ ಅವನ ಮಾತು ಸಾಲದು.

ಬೇಕಾದ ಅನುಭವವನ್ನೆಲ್ಲ ಮಿದುಳಿಗೆ ಉಣಿಸುವ ಯಂತ್ರವೊಂದಿದ್ದರೆ ಜೀವಮಾನವಿಡೀ ಅದರೊಳಗೆ ಇರುವಿರಾ ಎಂದು ತತ್ತ್ವಜ್ಞಾನಿ ರಾಬರ್ಟ್ ನಾಜಿಕ್ 1974ರಲ್ಲಿ ಕೇಳಿದ್ದ. ನೀನು ಒಲ್ಲೆ ಎನ್ನುವುದಾದರೆ, ಹಿತವೆನಿಸುವುದಷ್ಟೇ ನಿನಗೆ ಸಾಲದೆಂದು ಆಯಿತು. ಕಠೋಪನಿಷತ್ತಿನ ಯಮನೂ ಶ್ರೇಯಸ್ಸು, ಅಂದರೆ ಒಳಿತು ಬೇರೆ; ಪ್ರೇಯಸ್ಸು, ಅಂದರೆ ಹಿತವೆನಿಸುವುದು ಬೇರೆ ಎಂದೇ ನಚಿಕೇತನಿಗೆ ಹೇಳುತ್ತಾನೆ.

ಮುಂದಿನ ಪತ್ರದಲ್ಲಿ ರಿಫ್ ಅವರ ಬಾಬತ್ತುಗಳಂತೆ ಬರೆ: ಹೊಸದಾಗಿ ಏನು ಕಲಿಯುತ್ತಿದ್ದೀಯೆ, ಯಾರೊಡನೆ ಕುಳಿತು ಊಟ ಮಾಡುತ್ತೀಯೆ, ಯಾವ ನಿರ್ಧಾರವನ್ನು ನೀನೇ ತೆಗೆದುಕೊಂಡೆ.

ಇಂತಿ,
ನಿನ್ನ ಅಪ್ಪ