ಮುಚ್ಚಿದ ಕುಣಿಯನ್ನು ಸುತ್ತಿ ಹೋಗುವ ಅವ್ವ

ವಿಜಯಪುರ

ತಂಗಿ,

ನಿನ್ನ ದಪ್ಪ ಲಕೋಟೆ ಬಂದು ಮೂರು ವಾರವಾಯಿತು. ತಡವಾಯ್ತು, ಬೈಕೋಬೇಡ. ಕಣ್ಣಿನ ಪೊರೆ ತೆಗೆಸಿದ್ದೆ, ಡಾಕ್ಟರು ಓದಬೇಡಿ ಅಂದಿದ್ದರು. ಈಗ ಹದಿನಾಲ್ಕೂ ಕತೆ ಓದಿದ್ದೇನೆ. ಒಂದನ್ನು ಎರಡು ಸಲ.

ಮೊದಲು ಜಗಳ ಮುಗಿಸಿಬಿಡುತ್ತೇನೆ. ಹಸ್ತಪ್ರತಿಯ ಮೇಲೆ ಪಿನ್ ಹಾಕಿದ 'ಲೇಖಕಿಯ ಪರಿಚಯ' ಒಂದೂವರೆ ಪುಟ ಇದೆ. ಪ್ರಕಟವಾದ ಕತೆ ಐದು, ಬಹುಮಾನ ಎರಡು, ಭಾಗವಹಿಸಿದ ಕಥಾಗೋಷ್ಠಿ ಒಂಬತ್ತು, ನಿರೂಪಣೆ ಮಾಡಿದ ಪುಸ್ತಕ ಬಿಡುಗಡೆ ಹನ್ನೊಂದು. ನಿನಗಿನ್ನೂ ಇಪ್ಪತ್ತಾರು. ಇಷ್ಟಿದ್ದೂ ಪತ್ರದ ಕೊನೆಗೆ 'ಸರ್, ನನ್ನನ್ನು ಯಾರೂ ಗುರುತಿಸುತ್ತಿಲ್ಲ, ಬರೆಯೋದೇ ಬಿಡಬೇಕು ಅನಿಸ್ತಿದೆ' ಅಂತ ಬರೆದಿದ್ದೀಯ. ಇನ್ನೆಷ್ಟು ಜನ ಗುರುತಿಸಬೇಕವ್ವಾ? ನನ್ನ ಮೊದಲ ಕತೆ ಅಚ್ಚಾದಾಗ ನಮ್ಮ ಓಣಿಯಲ್ಲಿ ಗೊತ್ತಾಗಿದ್ದು ಪೋಸ್ಟ್‌ಮನ್‌ಗೆ ಮಾತ್ರ. ಅದೂ ಮೂವತ್ತು ರೂಪಾಯಿಯ ಮನಿಯಾರ್ಡರ್ ತಂದಿದ್ದಕ್ಕೆ.

ಪುಸ್ತಕ ಮಾಡಿಸೋದು ಹೇಗೆ ಅಂತ ಕೇಳಿದ್ದೀಯ. ಅದು ಸಣ್ಣ ವಿಷಯ. ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದವರು ಪ್ರೋತ್ಸಾಹಧನ ಕೊಡುತ್ತಾರೆ, ಅರ್ಜಿ ಕರೆದಾಗ ಹಾಕು. ಇನ್ನೂರು ಪ್ರತಿ ನೀನೇ ಕೊಂಡುಕೋ ಅನ್ನುವ ಪ್ರಕಾಶಕರ ಹತ್ತಿರ ಹೋಗಬೇಡ. ನಮ್ಮ ಅಟ್ಟದ ಮೇಲೆ ನನ್ನ ಎರಡನೆಯ ಸಂಕಲನದ ಗಂಟುಗಳು ಇನ್ನೂ ಇವೆ. ಇಲಿಗಳು ಓದಿ ಅರ್ಧ ಮುಗಿಸಿವೆ.

ಈಗ ನಿನ್ನ ಮಗ್ಗದ ಕತೆ. ಗುಳೇದಗುಡ್ಡದ ಮನೆ, ಕುಪ್ಪಸದ ಖಣ ನೇಯುವ ಅಪ್ಪ. ಮಗ್ಗ ಮಾರಿದ ಮೇಲೆ, ನೇಯುವಾಗ ಅಪ್ಪ ಕಾಲು ಇಳಿಬಿಟ್ಟು ಕೂರುತ್ತಿದ್ದ ಕುಣಿಗೆ ಮಣ್ಣು ತುಂಬಿ, ಮೇಲೆ ಕಲ್ಲು ಹಾಸಿ ಸಪಾಟು ಮಾಡುತ್ತಾರೆ. ವರ್ಷ ಕಳೆದರೂ ಅವ್ವ ರಾತ್ರಿ ನೀರು ಕುಡಿಯಲು ಎದ್ದಾಗ ಆ ಜಾಗ ತುಳಿಯುವುದಿಲ್ಲ. ಕತ್ತಲಲ್ಲಿ ಗೋಡೆ ಹಿಡಿದು, ಇಲ್ಲದ ಕುಣಿಯನ್ನು ಸುತ್ತು ಹಾಕಿ ಹೋಗುತ್ತಾಳೆ. ಇದನ್ನು ಮನೆಯಾಕೆಗೆ ಓದಿ ಹೇಳಿದೆ. ಆಕೆ ಒಲೆ ಸಣ್ಣ ಮಾಡಿ ಕೇಳಿದಳು. ನಲವತ್ತು ವರ್ಷದಲ್ಲಿ ನನ್ನ ಕತೆಗೆ ಆಕೆ ಒಲೆ ಸಣ್ಣ ಮಾಡಿದ್ದು ನೆನಪಿಲ್ಲ.

ಆಮೇಲೆ ನೀನು ಮಾಡಿದ್ದೇನು? ಕೊನೆಯ ಒಂದೂಕಾಲು ಪುಟ ಮಗಳ ಭಾಷಣ. ಪವರ್‌ಲೂಮ್, ಸರಕಾರ, ಅಳಿಯುತ್ತಿರುವ ಪರಂಪರೆ. ಇದೆಲ್ಲಿಂದ ಬಂತಪ್ಪಾ ಅಂತ ಪರಿಚಯದ ಹಾಳೆ ಮತ್ತೆ ನೋಡಿದೆ. ಯಾರೋ ವೇದಿಕೆಯ ಮೇಲೆ ನಿನ್ನನ್ನು 'ನೇಕಾರರ ದನಿ' ಅಂದಿದ್ದಾರೆ. ನೀನು ಅದನ್ನು ದಪ್ಪ ಅಕ್ಷರದಲ್ಲಿ ಹಾಕಿಕೊಂಡಿದ್ದೀಯ. ಆ ಭಾಷಣ ಅವರಿಗಾಗಿ ಬರೆದದ್ದು, ಅಲ್ವಾ?

ನನಗೂ ಹಾಗೊಂದು ಹೆಸರಿತ್ತು. ಬರದ ಕತೆಗಾರ. ಮೊದಲ ಸಂಕಲನದಲ್ಲಿ ಬತ್ತಿದ ಬಾವಿಯ ಕತೆ ಒಂದಿತ್ತು. ಅದು ಸುಳ್ಳಲ್ಲ. ಹಗ್ಗಕ್ಕೆ ಹಗ್ಗ ಗಂಟು ಹಾಕಿ ಬಿಟ್ಟ ಕೊಡ ತಳದ ಕಲ್ಲಿಗೆ ತಾಗುವ ಸದ್ದು ನಾನೇ ಕೇಳಿದ್ದೆ. ದೊಡ್ಡ ವಿಮರ್ಶಕರೊಬ್ಬರು ಮೆಚ್ಚಿ, 'ಬರವೇ ನಿಮ್ಮ ಶಕ್ತಿ, ಬಿಡಬೇಡಿ' ಅಂದರು. ಬಿಡಲಿಲ್ಲ. ಅದೇ ಬಾವಿಯನ್ನು ಇಪ್ಪತ್ತೈದು ವರ್ಷ ಮತ್ತೆ ಮತ್ತೆ ಬತ್ತಿಸಿದೆ. ಅವರ ಮೇಲೆ ಈಗಲೂ ಸಿಟ್ಟಿದೆ. ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

ನಮ್ಮೂರು ತಿಕೋಟಾ ಕಡೆ. ಅಲ್ಲಿಯ ಜನ ಟ್ಯಾಂಕರ್ ನೀರು ಹಾಕಿ ದ್ರಾಕ್ಷಿ ಬಳ್ಳಿ ಉಳಿಸಿಕೊಂಡವರು. ಆಮೇಲೆ ತುಬಚಿ-ಬಬಲೇಶ್ವರ ಏತ ನೀರಾವರಿ ಬಂತು, ಕೃಷ್ಣೆಯ ನೀರು ಬಂತು. ಅಣ್ಣನ ಮಗ ಮನೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ ಹಾಕಿದ. ಏಪ್ರಿಲ್‌ನಲ್ಲಿ ಮೋಡ ಕಂಡರೆ ಅವನ ಎದೆ ಹೊಡೆದುಕೊಳ್ಳುತ್ತದೆ. ಒಣಹಾಕಿದ ದ್ರಾಕ್ಷಿಗೆ ಹನಿ ತಾಗಿದರೆ ಕಪ್ಪಾಗುತ್ತದೆ, ದರ ಬೀಳುತ್ತದೆ. ಊರು ಮಳೆಗೆ ಹೆದರುತ್ತಿತ್ತು. ನನ್ನ ಕತೆಯಲ್ಲಿ ಜನ ಇನ್ನೂ ಗುರ್ಜಿ ಹೊತ್ತು ಮಳೆ ಬೇಡುತ್ತಿದ್ದರು! 'ಕಾಕಾ, ನಿನ್ನ ಕಥಿಯೊಳಗ ಬಾಂವಿ ಇನ್ನೂ ಬತ್ತೇತಲ್ಲ. ನೀ ಹೊಲಕ್ಕ ಬಂದು ಎಷ್ಟ ವರ್ಷ ಆತು?' ಅಂದ ಹುಡುಗ. ಲೆಕ್ಕ ಹಾಕಿದೆ. ಏಳು.

ಏಳು ವರ್ಷ ನಾನು ಎಲ್ಲಿದ್ದೆ? ವೇದಿಕೆಯ ಮೇಲೆ. ಬಿಡುಗಡೆ, ದತ್ತಿ ಉಪನ್ಯಾಸ, ಸ್ಪರ್ಧೆಯ ತೀರ್ಪು, ಮುನ್ನುಡಿ. 2013ರ ಫೆಬ್ರವರಿಯಲ್ಲಿ ನಮ್ಮಲ್ಲಿ 79ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಆಗಿನ್ನೂ ಊರಿನ ಹೆಸರು ಬಿಜಾಪುರ. ತಿಂಗಳುಗಟ್ಟಲೆ ಗಾದಿ, ದಿಂಬು, ಕೋಣೆ ಅಂತ ಓಡಾಡಿದೆ. ಖುಷಿಯಿಂದಲೇ ಮಾಡಿದೆ, ಸುಳ್ಳು ಹೇಳಲ್ಲ. ಸಾವಿರಾರು ಜನ ಪುಸ್ತಕ ಕೊಳ್ಳೋದು ನೋಡಿದರೆ ಯಾರಿಗೆ ಖುಷಿಯಾಗಲ್ಲ? ಆದರೆ ಆ ವರ್ಷ ನಾನು ಬರೆದದ್ದು ಸಾಮಾನಿನ ಪಟ್ಟಿ ಮಾತ್ರ. ಮರುವರ್ಷ ಬರೆದದ್ದು ಮತ್ತೆ ಬಾವಿ.

ಇಂಡಿಯಲ್ಲಿ ಹುಟ್ಟಿದ ಕತೆಗಾರ ರಾಘವೇಂದ್ರ ಖಾಸನೀಸರ ಹೆಸರು ಕೇಳಿದ್ದೀಯಲ್ಲ. ನಮ್ಮ ಜಿಲ್ಲೆಯವರೇ, 1933ರಲ್ಲಿ ಹುಟ್ಟಿದವರು. ಬೆಂಗಳೂರಿನಲ್ಲಿ ಗ್ರಂಥಾಲಯದ ಕೆಲಸ ಮಾಡಿಕೊಂಡಿದ್ದರು. 2007ರಲ್ಲಿ ತೀರಿಕೊಂಡರು. ಬರೆದದ್ದು ತೀರಾ ಕಡಿಮೆ. ನನ್ನ ನಾಲ್ಕು ಸಂಕಲನ ಒಂದು ತಟ್ಟೆಯಲ್ಲಿಟ್ಟು ಅವರ ಒಂದೇ ಕತೆಯನ್ನು ಇನ್ನೊಂದರಲ್ಲಿಟ್ಟರೆ ತಕ್ಕಡಿ ಯಾವ ಕಡೆ ವಾಲುತ್ತದೆ ಅಂತ ನನಗೆ ಗೊತ್ತು. ಹೊಟ್ಟೆಕಿಚ್ಚು ಆಗುತ್ತದೆ. ಈ ವಯಸ್ಸಿನಲ್ಲೂ.

ಮುನ್ನುಡಿ ಕೇಳಿದ್ದೀಯ. ಬರೆಯುವುದಿಲ್ಲ. ಬರೆದರೆ ನಾನೂ ನಿನಗೊಂದು ಹೆಸರಿಡುತ್ತೇನೆ, ಚಟ ಹಾಗಿದೆ.

ಹಸ್ತಪ್ರತಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಮಗ್ಗದ ಕತೆಯ ಕೊನೆಯ ಒಂದೂಕಾಲು ಪುಟಕ್ಕೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದಿದ್ದೇನೆ. ಬೇಡವಾದರೆ ಅಳಿಸಿಕೋ. ಪರಿಚಯದ ಹಾಳೆ ಮಾತ್ರ ವಾಪಸ್ ಬರಲ್ಲ. ಹಿಂದುಗಡೆ ಖಾಲಿ ಇತ್ತು, ಮನೆಯಾಕೆ ಕಿರಾಣಿ ಚೀಟಿ ಬರೆದು ಅಂಗಡಿಗೆ ಕಳಿಸಿಬಿಟ್ಟಳು.

ಆಕೆ ಇನ್ನೊಂದು ಕೇಳಲು ಹೇಳಿದ್ದಾಳೆ. ಆ ಅವ್ವ ಹಗಲು ಹೊತ್ತಿನಲ್ಲೂ ಸುತ್ತು ಹಾಕೇ ಹೋಗುತ್ತಾಳಾ, ಇಲ್ಲಾ ರಾತ್ರಿ ಮಾತ್ರವಾ? ನನಗೂ ಹೊಳೆಯಲಿಲ್ಲ. ಬರೆದು ತಿಳಿಸು.

ನಿನ್ನ
ಕಾಕಾ