‘ಅತಿವೇಗ’ ಅಂತ ಬರೆದಿದ್ದಾರೆ, ಆದರೆ ಅವನು ಫೋನ್ ನೋಡುತ್ತಿದ್ದ: ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ,
ಉತ್ತರ ಕನ್ನಡ ಜಿಲ್ಲೆ, ಕಾರವಾರ

ಸಾರ್, ನಮಸ್ಕಾರ.

ನಾನು ಕುಮಟಾ ತಾಲೂಕಿನವನು. ಪಂಪ್‌ಸೆಟ್ ರಿಪೇರಿ ನನ್ನ ಕೆಲಸ. ಡಿಸೆಂಬರ್ ಬಂತೆಂದರೆ ಅಡಿಕೆ ತೋಟಕ್ಕೆ ನೀರು ಬಿಡುವ ಕಾಲ. ಅಲ್ಲಿಂದ ಮಳೆ ಹಿಡಿಯುವವರೆಗೆ ನನಗೆ ಪುರುಸೊತ್ತಿಲ್ಲ. ಬೈಕಿನ ಹಿಂದೆ ಸಾಮಾನಿನ ಚೀಲ ಕಟ್ಟಿಕೊಂಡು ದಿನಕ್ಕೆ ನಾಲ್ಕೈದು ತೋಟ ಸುತ್ತುತ್ತೇನೆ. ಸುತ್ತುತ್ತಿದ್ದೆ ಎಂದು ಹೇಳಬೇಕು. ಈ ವರ್ಷ ಫೆಬ್ರವರಿಯಿಂದ ಬೈಕ್ ಹತ್ತಿಲ್ಲ.

ಶಿರಸಿ-ಕುಮಟಾ ರಸ್ತೆ ನಿಮಗೆ ಗೊತ್ತಿರುವುದೇ. ದೇವಿಮನೆ ಘಟ್ಟ ಇಳಿದು ಕತಗಾಲದ ಕಡೆ ಬಂದರೆ ಎರಡೂ ಬದಿಗೆ ತೋಟಗಳು. ಅಂದು ಸಂಜೆ ಐದೂವರೆ ಹೊತ್ತಿಗೆ ನಾನು ಕುಮಟಾ ಕಡೆಗೆ ಮುಖ ಮಾಡಿ ಬರುತ್ತಿದ್ದೆ. ಬಲಕ್ಕೆ ಒಂದು ತೋಟದ ದಾರಿಗೆ ತಿರುಗಬೇಕಿತ್ತು. ಇಂಡಿಕೇಟರ್ ಹಾಕಿ, ರಸ್ತೆಯ ಮಧ್ಯದ ಗೆರೆಯ ಹತ್ತಿರ ನಿಂತು, ಎದುರಿನ ಬಸ್ಸು ಹೋಗಲಿ ಎಂದು ಕಾಯುತ್ತಿದ್ದೆ. ಬೆಳಕು ಚೆನ್ನಾಗಿತ್ತು. ರಸ್ತೆ ಅಲ್ಲಿ ನೇರ ಇದೆ. ಹಿಂದಿನಿಂದ ಒಂದು ಕಾರು ಬಂದು ಹೊಡೆಯಿತು. ಬ್ರೇಕ್ ಹಾಕಿದ ಸದ್ದಿಲ್ಲ, ಹಾರ್ನ್ ಇಲ್ಲ. ಬಡಿದ ಸದ್ದೊಂದೇ ಕೇಳಿದ್ದು.

ಬಲಗಾಲಿನ ಮೊಣಕಾಲಿನ ಕೆಳಗಿನ ಎರಡೂ ಎಲುಬು ಮುರಿದವು. ಭುಜದ ಎಲುಬೂ ಹೋಯಿತು. ಹೆಲ್ಮೆಟ್ ಹಿಂದುಗಡೆ ಅಂಗೈಯಷ್ಟು ಸೀಳು ಬಿಟ್ಟಿತ್ತು. ಅದನ್ನು ಎಸೆಯಲು ಹೆಂಡತಿ ಇನ್ನೂ ಬಿಟ್ಟಿಲ್ಲ. ಪೇಟೆಯ ಬದಿಯಲ್ಲಿ ಮಾರುವ ಟೊಪ್ಪಿಯಂಥ ಹೆಲ್ಮೆಟ್ ಹಾಕಿದ್ದರೆ ಈ ಪತ್ರ ಬರೆಯಲು ನಾನಿರುತ್ತಿರಲಿಲ್ಲ.

ಬೆಟ್ಟದಿಂದ ದರಕಿನ (ಉದುರಿದ ಒಣ ಎಲೆಯ) ಹೊರೆ ಹೊತ್ತು ಬರುತ್ತಿದ್ದ ಅಕ್ಕ ಒಬ್ಬರು ಮೊದಲು ಓಡಿ ಬಂದರು. ಹೊರೆ ಅಲ್ಲೇ ಬಿಸಾಡಿ ನನ್ನ ತಲೆ ಹಿಡಿದುಕೊಂಡು ‘ತಮಾ, ಹಂದಾಡಬೇಡ, ಹಂದಾಡಬೇಡ’ ಎನ್ನುತ್ತಿದ್ದರು. ಕಾರಿನಿಂದ ಇಳಿದ ಹುಡುಗನಿಗೆ ಅವರು ಹೇಳಿದ ಮಾತು ನನಗೆ ಈಗಲೂ ನೆನಪಿದೆ. ‘ರಸ್ತೆ ನೋಡುದು ಬಿಟ್ಟು ಮೊಬೈಲ್ ನೋಡ್ತಾ ಬಂದೆಯಲ್ಲೋ.’ ಅವನು ಇಲ್ಲ ಎನ್ನಲಿಲ್ಲ. ನಡುಗುತ್ತಾ ನಿಂತಿದ್ದ. ಗೂಡ್ಸ್ ಟೆಂಪೊದವರೊಬ್ಬರು ನನ್ನನ್ನು ಕುಮಟಾಕ್ಕೆ ಮುಟ್ಟಿಸಿದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಮಣಿಪಾಲದ ಕಡೆ, ನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ನಮ್ಮ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಬೇರೆಯೇ ಇದೆ. ಅದು ನಿಮ್ಮ ಕೈಯಲ್ಲಿ ಇರುವುದಲ್ಲ, ಹಾಗಾಗಿ ಇಲ್ಲಿ ಎತ್ತುವುದಿಲ್ಲ.

ಆ ಹುಡುಗ ನಾಲ್ಕನೇ ದಿನ ಆಸ್ಪತ್ರೆಗೆ ಬಂದ. ಇಪ್ಪತ್ನಾಲ್ಕು, ಇಪ್ಪತ್ತೈದು ವರ್ಷ ಇರಬಹುದು. ಗೆಳೆಯರೊಂದಿಗೆ ಗೋಕರ್ಣಕ್ಕೆ ಹೊರಟಿದ್ದನಂತೆ. ‘ಅಣ್ಣಾ, ಘಟ್ಟದಲ್ಲಿ ನೆಟ್‌ವರ್ಕ್ ಇರಲಿಲ್ಲ. ಇಳಿದ ಕೂಡಲೇ ಮೆಸೇಜ್ ಎಲ್ಲ ಒಟ್ಟಿಗೇ ಬಂತು. ಒಂದೇ ಸಲ ನೋಡಿದೆ’ ಎಂದು ಅತ್ತ. ನನಗೆ ಅವನ ಮೇಲೆ ಸಿಟ್ಟಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವನು ಹೇಳಿದ್ದು ನಿಜ ಅನಿಸಿತು. ಘಟ್ಟದ ತಿರುವಿನಲ್ಲಿ ಬಹಳ ಕಡೆ ಫೋನ್ ಸತ್ತಂತೆ ಇರುತ್ತದೆ. ಕೆಳಗೆ ಬಂದ ಮೇಲೆ ಜೀವ ಬಂದು ಒಂದೇ ಸಮನೆ ಟಣ್ ಟಣ್ ಅನ್ನುತ್ತದೆ. ಅಲ್ಲಿಗೆ ರಸ್ತೆಯೂ ನೇರವಾಗುತ್ತದೆ. ಗಟ್ಟಿಯಾಗಿ ಹಿಡಿದಿದ್ದ ಕೈ ಸಡಿಲವಾಗುತ್ತದೆ. ಫೋನ್ ಎತ್ತುವುದು ಆಗಲೇ.

ಈಗ ವಿಷಯಕ್ಕೆ ಬರುತ್ತೇನೆ ಸಾರ್.

ಪೊಲೀಸರು ಆಸ್ಪತ್ರೆಗೆ ಬಂದು ನನ್ನ ಹೇಳಿಕೆ ತೆಗೆದುಕೊಂಡರು. ಬಂದವರು ಒಳ್ಳೆಯ ಮನುಷ್ಯರು. ನನ್ನ ಹೆಂಡತಿಗೆ ಧೈರ್ಯ ಹೇಳಿದರು, ಕಾಗದಪತ್ರ ಏನೇನು ಬೇಕು ಎಂದು ತಿಳಿಸಿದರು. ಕಾರಿನವನು ಫೋನ್ ನೋಡುತ್ತಿದ್ದ ಎಂದು ನಾನು ಎರಡು ಸಲ ಹೇಳಿದೆ. ‘ನಿಷ್ಕಾಳಜಿ ಅಂತ ಬರೀತೇನೆ, ಅದರಲ್ಲಿ ಎಲ್ಲ ಬಂತು’ ಎಂದರು. ಆಮೇಲೆ ಎಫ್‌ಐಆರ್ ಪ್ರತಿ ಕೈಗೆ ಬಂದಾಗ ಓದಿದೆ. ‘ಅತೀ ವೇಗ ಹಾಗೂ ನಿಷ್ಕಾಳಜಿತನದಿಂದ ಚಲಾಯಿಸಿ’ ಎಂದಿತ್ತು. ಭಾರತೀಯ ನ್ಯಾಯ ಸಂಹಿತೆಯ 281 (ನಿಷ್ಕಾಳಜಿಯ ಚಾಲನೆ) ಮತ್ತು 125(ಬಿ) (ಅದರಿಂದ ಆದ ದೊಡ್ಡ ಗಾಯ) ಕಲಂ ಹಾಕಿದ್ದರು. ಫೋನ್ ಎಂಬ ಪದ ಇಡೀ ಹಾಳೆಯಲ್ಲಿ ಎಲ್ಲೂ ಇಲ್ಲ.

ಸಾರ್, ಆ ಕಾರು ಅತಿವೇಗದಲ್ಲಿ ಇರಲಿಲ್ಲ. ಅರವತ್ತರ ಆಸುಪಾಸು ಇದ್ದಿರಬಹುದು. ಅಲ್ಲಿ ಅದು ಜಾಸ್ತಿ ವೇಗವೇನಲ್ಲ. ಅರವತ್ತರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಹದಿನಾರು ಮೀಟರಿಗೂ ಜಾಸ್ತಿ ಓಡುತ್ತದೆ. ಒಂದು ಮೆಸೇಜ್ ಓದಲು ನಾಲ್ಕು ಸೆಕೆಂಡ್ ಹಿಡಿಯಿತು ಎಂದುಕೊಳ್ಳಿ. 66 ಮೀಟರ್ ಆಯಿತು. ನಮ್ಮ ಕಡೆ ಒಂಬತ್ತು ಅಡಿಗೊಂದು ಅಡಿಕೆ ಗಿಡ ನೆಡುತ್ತಾರೆ. ಅಂದರೆ ಇಪ್ಪತ್ನಾಲ್ಕು ಮರದ ಸಾಲಿನಷ್ಟು ಉದ್ದ ಅವನು ಕಣ್ಣು ಮುಚ್ಚಿಕೊಂಡಂತೆ ಬಂದ. ನಾನು ಅದರ ತುದಿಯಲ್ಲಿ ನಿಂತಿದ್ದೆ.

ಬರೆದದ್ದು ಬೇರೆ, ಆದದ್ದು ಬೇರೆ. ಇದರಿಂದ ಏನು ವ್ಯತ್ಯಾಸ ಎಂದು ನಮ್ಮ ಊರಲ್ಲೂ ಕೆಲವರು ಕೇಳಿದರು. ವಿಮೆ ಹೇಗೂ ಬರುತ್ತದೆ, ಸುಮ್ನೆ ಇರು ಎಂದರು. ಮಲಗಿದ್ದ ತಿಂಗಳುಗಳಲ್ಲಿ ನಾನು ಇದನ್ನೇ ಓದಿ ತಿಳಿದುಕೊಂಡೆ. ಬೇರೆ ಕೆಲಸ ಇರಲಿಲ್ಲ.

ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಿದ್ದುಪಡಿ ಬಂತು. ಗಾಡಿ ಓಡಿಸುವಾಗ ಕೈಯಲ್ಲಿ ಫೋನ್ ಬಳಸುವುದನ್ನು 184ನೇ ಕಲಮಿನಲ್ಲಿ ಅಪಾಯಕಾರಿ ಚಾಲನೆ ಎಂದು ಹೆಸರಿಟ್ಟೇ ಸೇರಿಸಿದರು. ದಾರಿ ತೋರಿಸುವ ನಕ್ಷೆಗೆ ಮಾತ್ರ 2020ರ ನಿಯಮದಲ್ಲಿ ಬಿಡುವು ಕೊಟ್ಟಿದ್ದಾರೆ. ಅದೂ ಗಮನ ತಪ್ಪಬಾರದು ಎಂಬ ಷರತ್ತಿನ ಮೇಲೆ. ಅದಕ್ಕೂ ಮೊದಲು, 2015ರಲ್ಲಿ, ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ಒಂದು ಸೂಚನೆ ಕೊಟ್ಟಿತ್ತು. ಫೋನ್ ಬಳಸುತ್ತಾ ಗಾಡಿ ಓಡಿಸಿದವರ ಲೈಸೆನ್ಸನ್ನು ಕನಿಷ್ಠ ಮೂರು ತಿಂಗಳು ಅಮಾನತಿನಲ್ಲಿ ಇಡಬೇಕು ಎಂದು. ಹಾಳೆಯಲ್ಲಿ ಫೋನ್ ಇಲ್ಲದಿದ್ದರೆ ಇದ್ಯಾವುದೂ ಶುರುವಾಗುವುದೇ ಇಲ್ಲ, ಅಲ್ವಾ?

ನನಗೆ ಇನ್ನೂ ಜಾಸ್ತಿ ಚುಚ್ಚಿದ್ದು ಬೇರೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಪ್ರತಿ ವರ್ಷ ಅಪಘಾತಗಳ ವರದಿ ಹೊರಡಿಸುತ್ತದೆ. 2022ರಲ್ಲಿ ದೇಶದಲ್ಲಿ 4,61,312 ಅಪಘಾತ, 1,68,491 ಸಾವು. ಸತ್ತವರಲ್ಲಿ ಶೇ. 70ಕ್ಕಿಂತ ಜಾಸ್ತಿ ಜನರ ಲೆಕ್ಕ ‘ಅತಿವೇಗ’ದ ಸಾಲಿಗೆ ಹೋಗಿದೆ. ಮೊಬೈಲ್ ಬಳಕೆಗೂ ಅಲ್ಲಿ ಬೇರೆ ಸಾಲು ಇದೆ, ಬಹಳ ಸಣ್ಣದು. ಆ ವರದಿ ದಿಲ್ಲಿಯಲ್ಲಿ ತಯಾರಾದರೂ ಅದರ ಅಂಕಿ ಹುಟ್ಟುವುದು ಠಾಣೆಯಲ್ಲಿ. ನನ್ನ ಕಾಲು ಮುರಿದದ್ದು ‘ಅತಿವೇಗ’ದ ಲೆಕ್ಕಕ್ಕೆ ಸೇರಿತು. ನನ್ನಂಥವರು ಇನ್ನೆಷ್ಟು ಜನ ಆ ಸಾಲಿನಲ್ಲಿ ಇರಬಹುದು? ಆ ಅಂಕಿ ನೋಡಿದವರು ರಸ್ತೆಗೆ ಇನ್ನೊಂದು ಉಬ್ಬು ಹಾಕಿಸುತ್ತಾರೆ, ವೇಗ ಅಳೆಯುವ ಕ್ಯಾಮೆರಾ ತರುತ್ತಾರೆ. ಅವೂ ಬೇಕು. ಆದರೆ ಅರವತ್ತರಲ್ಲಿ ತಲೆ ಬಗ್ಗಿಸಿಕೊಂಡು ಬರುವವನನ್ನು ವೇಗದ ಕ್ಯಾಮೆರಾ ಹಿಡಿಯುವುದಿಲ್ಲ.

ಹಾಗಾಗಿ ನಿಮ್ಮಲ್ಲಿ ನನ್ನ ವಿನಂತಿ ಇದು. ಜಿಲ್ಲೆಯ ಎಲ್ಲ ಠಾಣೆಗಳಿಗೆ ಒಂದು ಸೂಚನೆ ಕಳಿಸಿ. ಅಪಘಾತ ಆದಾಗ ಚಾಲಕನ ಕೈಯಲ್ಲಿ ಫೋನ್ ಇತ್ತೇ ಎಂದು ಚಾಲಕನನ್ನೂ, ಗಾಯಾಳುವನ್ನೂ, ಕಂಡವರನ್ನೂ ಕೇಳಲಿ. ಉತ್ತರ ಏನೇ ಬರಲಿ, ಇಲ್ಲ ಎಂದರೂ ಸರಿ, ಅದನ್ನು ಬರೆದುಕೊಳ್ಳಲಿ. ಕುಡಿದಿದ್ದನೇ ಎಂದು ನೋಡುವುದು ಹೇಗೆ ರೂಢಿಯಾಗಿದೆಯೋ ಇದೂ ಹಾಗೆ ಆಗಲಿ. ಆ ಹುಡುಗನನ್ನು ಠಾಣೆಯಲ್ಲಿ ಯಾರೂ ಫೋನಿನ ಬಗ್ಗೆ ಕೇಳಲೇ ಇಲ್ಲವಂತೆ. ಕೇಳಿದ್ದರೆ ಹೇಳುತ್ತಿದ್ದ ಎಂದು ನನಗೆ ಅನಿಸುತ್ತದೆ.

ದೊಡ್ಡ ಗಾಯ ಆದಲ್ಲಿ, ಜೀವ ಹೋದಲ್ಲಿ, ಆ ಹೊತ್ತಿನ ಕಾಲ್ ದಾಖಲೆಯನ್ನೂ ತರಿಸಬೇಕು. ಅದನ್ನು ಕೇಳುವ ಅಧಿಕಾರ ಠಾಣೆಯ ಮಟ್ಟದಲ್ಲಿ ಇಲ್ಲ, ಕೋರಿಕೆ ನಿಮ್ಮ ದರ್ಜೆಯ ಅಧಿಕಾರಿಯಿಂದಲೇ ಹೋಗಬೇಕು. ಈ ಪತ್ರವನ್ನು ಶಾಸಕರಿಗೆ, ಸಂಸದರಿಗೆ ಬರೆಯದೆ ನಿಮಗೇ ಬರೆಯಲು ಅದೇ ಕಾರಣ. ವಾಟ್ಸಾಪ್ ಓದುತ್ತಿದ್ದರೆ ಕಾಲ್ ಪಟ್ಟಿಯಲ್ಲಿ ಅದು ಕಾಣುವುದಿಲ್ಲ ಎಂಬುದೂ ನನಗೆ ಗೊತ್ತು. ಆದರೂ ಕೇಳುತ್ತಾರೆ, ತರಿಸುತ್ತಾರೆ ಎಂದು ಜನರಿಗೆ ಗೊತ್ತಾಗಲಿ. ದಾರಿಯಲ್ಲಿ ನಿಲ್ಲಿಸಿ ಎಲ್ಲರ ಫೋನ್ ಕಸಿದು ಒಳಗಿನದನ್ನು ಓದಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ಅದು ತಪ್ಪು. ಅಪಘಾತ ಆದ ಆ ಹೊತ್ತಿನಲ್ಲಿ ಫೋನ್ ಬಳಕೆಯಲ್ಲಿತ್ತೇ ಎಂಬುದಷ್ಟೇ ಬೇಕು.

ಬೈಕಿನವರ ಬಗ್ಗೆಯೂ ಹೇಳಬೇಕು. ಹೆಲ್ಮೆಟ್ಟಿನೊಳಗೆ ಕಿವಿಗೆ ಫೋನ್ ಸಿಕ್ಕಿಸಿಕೊಂಡು ಮಾತಾಡುತ್ತಾ ಹೋಗುವವರು ನಮ್ಮಲ್ಲೂ ತುಂಬ ಜನ. ಪಂಪ್ ಕೆಟ್ಟಿದೆ ಎಂದು ಕರೆ ಬಂದಾಗ ನಾನೂ ಹಾಗೆ ಮಾಡಿದ್ದೇನೆ. ಅದೂ ಅದೇ ತಪ್ಪು. ನಾಳೆ ನನ್ನಿಂದ ಯಾರಿಗಾದರೂ ಏಟಾದರೆ ನನ್ನನ್ನೂ ಈ ಪ್ರಶ್ನೆ ಕೇಳಬೇಕು, ನನ್ನ ಉತ್ತರವನ್ನೂ ಬರೆಯಬೇಕು.

ಕಳೆದ ತಿಂಗಳು ಕೋಲು ಹಿಡಿದು ಆ ಅಕ್ಕನ ಮನೆಗೆ ಹೋಗಿ ಬಂದೆ. ಗಾಯಾಳುವಿಗೆ ನೆರವಾದವರನ್ನು ಹೆಸರು ಹೇಳಿ ಎಂದೂ ಒತ್ತಾಯ ಮಾಡುವಂತಿಲ್ಲ, ಕಾಯಿದೆಯ 134ಎ ಕಲಂ ಅವರನ್ನು ಕಾಯುತ್ತದೆ ಎಂದು ವಿವರಿಸಿದೆ. ಅವರು ಹೆದರಿ ಸುಮ್ಮನಿದ್ದಾರೆ ಎಂದುಕೊಂಡಿದ್ದೆ. ಹಾಗಲ್ಲವಂತೆ. ‘ಕೇಳ್ರೆ ಹೇಳ್ತೆ ತಮಾ. ಕೇಳುಕೆ ಯಾರೂ ಬರಲೇ ಇಲ್ಲ’ ಎಂದರು.

ಅವರು ಹೇಳಲು ತಯಾರಿದ್ದಾರೆ. ನಾನೂ ಕಾರವಾರಕ್ಕೆ ಬಂದು ಎಫ್‌ಐಆರ್ ಪ್ರತಿ ನಿಮ್ಮ ಕೈಗೆ ಕೊಡುತ್ತೇನೆ. ಮೊಬೈಲ್ ಕಂಪನಿಗಳು ಕಾಲ್ ದಾಖಲೆಯನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಂಡಿರಬೇಕು ಎಂಬ ನಿಯಮವಿದೆ. ನನ್ನ ವಿಷಯದಲ್ಲಿ ಆ ಎರಡು ವರ್ಷ ಇನ್ನೂ ಮುಗಿದಿಲ್ಲ.

ಇಂತಿ,
ಕುಮಟಾ ತಾಲೂಕಿನ ಒಬ್ಬ ಪಂಪ್‌ಸೆಟ್ ರಿಪೇರಿಯವ